ಅಕ್ಷರವು ಮತ್ತೆ ಚಿತ್ರವಾದ ಕಥೆ

ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಜುಲೈ ೧ರಂದು ಹೊರಬಂದಿತೆಂಬುದು ವಾಚಕರಿಗೆ ತಿಳಿದ ವಿಷಯವೇ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಹೊರಡಿಸಿದ ಆ ಪತ್ರಿಕೆ ಅಚ್ಚಾದುದು ಮೊಳೆಗಳಿಂದಲ್ಲ, ಕಲ್ಲಿನಿಂದ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಜಿಡ್ಡಿನ ಮಸಿಯ ಬರಹವನ್ನು ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ತೇವಮಾಡಿ, ಮಸಿಯ ಉರುಳೆಯನ್ನು ಆಡಿಸುತ್ತಿದ್ದರು. ಒದ್ದೆಯಾದ ಭಾಗ ಮಸಿಯನ್ನು ಒಲ್ಲದು. ಜಿಡ್ಡಿನ ಬರಹ ಹಿಡಿದುಕೊಳ್ಳುವುದು. ಕಲ್ಲಿಗೆ ಕನ್ನಡವೂ ಒಂದೇ, ಬಳ್ಳಿಯ ಚಿತ್ರವೂ ಒಂದೇ. ಒತ್ತಕ್ಷರ ಎಲ್ಲಿ ಕೂರಬೇಕೆಂಬ ಗೋಜು ಅದಕ್ಕಿರಲಿಲ್ಲ. ಬರೆದವನ ಕೈಯೇ ಅದನ್ನು ತೀರ್ಮಾನಿಸಿರುತ್ತಿತ್ತು.

ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಮೊಳೆಗಳಲ್ಲಿ ಅಚ್ಚಾಗತೊಡಗಿತು. ಆಮೇಲೆ ಬಹುಕಾಲ ಮೊಳೆಯದೇ ರಾಜ್ಯ.

೧೯೮೪ರಲ್ಲಿ ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಬಂದಮೇಲೆ ಅಕ್ಷರವೆಂದರೆ ಸೀಸದ ತುಂಡಲ್ಲ, ಗಣಿತದ ವಕ್ರರೇಖೆ ಎಂದಾಯಿತು. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ಈ ರೇಖೆಗಳಿಗೆ ಬೆಜಿಯೆ ಎಂದು ಹೆಸರು. ರೆನೋ ಕಾರ್ಖಾನೆಯ ಆ ಇಂಜಿನಿಯರರು ಮೋಟಾರಿನ ಮೈಕಟ್ಟಿಗಾಗಿ ಅವನ್ನು ಬಳಸಿದವರು. ನಮ್ಮ ಗುಂಡು ಗುಂಡಾದ ಲಿಪಿಗೆ ಇದಕ್ಕಿಂತ ಒಪ್ಪುವ ಗಣಿತ ಉಂಟೇ!

ಆದರೆ ರೇಖೆಯ ವಿವರವಿರುವುದು ಫಾಂಟಿನಲ್ಲಿ. ಹೊರನಾಡಿನ ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅಥವಾ ಅಲ್ಲಿಯ ತಂತ್ರಾಂಶಕ್ಕೆ ಒತ್ತು ಕೂಡಿಸಲು ಬಾರದಿದ್ದರೆ, ಕನ್ನಡ ಚೂರಾಗುತ್ತದೆ. ಹಿಂದೊಮ್ಮೆ ನಮ್ಮ ಸಂಚಿಕೆಯಲ್ಲಿ ಅಗಲಿದ ಹಿರಿಯರ ಪುಟದ ತಲೆಬರಹವೇ ‘ಶ್‌ರದ್‌ಧಾಂಜಲಿ’ ಎಂದು ಅಚ್ಚಾಗಿತ್ತು. ಕೆಳಗಿನ ಹೆಸರುಗಳ ಗತಿಯೂ ಅದೇ. ಮುದ್ರಕನನ್ನು ದೂರಿ ಫಲವೇನು? ಅವನಿಗೆ ಕನ್ನಡ ಬಾರದು. ತಿಳಿದ ನಾವು ಕರಡನ್ನು ನೋಡಿರಲಿಲ್ಲ. ತಂದೆಯ ಹೆಸರನ್ನು ಬೆರಳಿನಿಂದ ಮುಟ್ಟಿ ಸುಮ್ಮನಾದ ಒಬ್ಬ ಮಗನ ಮುಖ ಇಂದಿಗೂ ನನ್ನ ಕಣ್ಣಮುಂದಿದೆ.

ಇದಕ್ಕೆ ಪರಿಹಾರವುಂಟು. ಕಡತವನ್ನು ಕಳುಹಿಸುವ ಮುನ್ನ ಅಕ್ಷರಗಳನ್ನೆಲ್ಲ ಬರಿಯ ರೇಖೆಗಳನ್ನಾಗಿ ಮಾರ್ಪಡಿಸುವುದು. ಮುದ್ರಕರು ಇದನ್ನು ‘ಕರ್ವ್ಸ್’ ಮಾಡುವುದೆನ್ನುತ್ತಾರೆ. ಬಣ್ಣಗಳನ್ನು ನಾಲ್ಕು ಮಸಿಗಳ ಲೆಕ್ಕಕ್ಕೆ ತರುವುದು, ಕತ್ತರಿಸುವ ಅಂಚಿಗೆ ೩ ಮಿಲಿಮೀಟರ್ ಹೆಚ್ಚು ಬಿಡುವುದು ಇವೆಲ್ಲ ಮುದ್ರಕರೇ ಹೇಳಿಕೊಡುವ ಮಾತು. ಇದನ್ನು ಮಾತ್ರ ನಾವೇ ನೆನಪಿಡಬೇಕು. ಒಮ್ಮೆ ರೇಖೆಯಾದರೆ ಯಂತ್ರಕ್ಕೆ ಕನ್ನಡ ತಿಳಿದಿರಬೇಕಾಗಿಲ್ಲ, ಮಂಗಳೂರಿನ ಆ ಕಲ್ಲಿಗೆ ತಿಳಿದಿರಲಿಲ್ಲವಲ್ಲ, ಹಾಗೆ. ಇಂದಿನ ಆಫ್‌ಸೆಟ್ ಯಂತ್ರವೂ ನೀರು–ಜಿಡ್ಡುಗಳ ಅದೇ ವೈರದಿಂದಲೇ ನಡೆಯುವುದು. ಕಲ್ಲಿನ ಸ್ಥಾನದಲ್ಲಿ ಅಲ್ಯೂಮಿನಿಯಂ ತಗಡು ಬಂದಿದೆ, ಅಷ್ಟೆ.

ಕಲ್ಲಚ್ಚಿನ ತೊಡಕೂ ಜೊತೆಗೇ ಮರಳಿದೆ: ರೇಖೆಯಾದಮೇಲೆ ಕಾಗುಣಿತ ತಿದ್ದಲಾಗದು. ಆದುದರಿಂದ ಈ ಸಲ ಶ್ರದ್ಧಾಂಜಲಿಯ ಪುಟವನ್ನು ಆಯಾ ಮನೆಯವರಿಂದಲೇ ಓದಿಸಿ, ಮೂಲ ಕಡತದ ಪ್ರತಿಯೊಂದನ್ನು ಬೇರೆಯಾಗಿ ಇರಿಸಿಕೊಂಡು, ಅನಂತರವೇ ಅಚ್ಚಿಗೆ ಕಳುಹಿಸಿದ್ದೇವೆ.