ಗಗನಸಖಿಯರ ತೂಕ ಮತ್ತು ರೂಪ: ನಿಯಮಗಳ ಇತಿಹಾಸ

ವಿಮಾನ ಕಂಪನಿಗಳು ಕ್ಯಾಬಿನ್ ಸಿಬ್ಬಂದಿಯ ತೂಕ, ಎತ್ತರ, ವಯಸ್ಸು, ಮದುವೆ, ಅಲಂಕಾರಗಳ ಮೇಲೆ ಹೇರಿದ ಕಟ್ಟಳೆಗಳ ಚರಿತ್ರೆ 1930ರಷ್ಟು ಹಳೆಯದು. ಆ ವರ್ಷ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್‌ನಲ್ಲಿ ಎಲೆನ್ ಚರ್ಚ್ ಎಂಬ ನರ್ಸ್ ಮೊದಲ ಗಗನಸಖಿಯಾದರು. ಅವರೊಂದಿಗೆ ಸೇರಿದವರೂ ಅವಿವಾಹಿತ ನರ್ಸ್‌ಗಳೇ. ತೂಕ 115 ಪೌಂಡ್, ಅಂದರೆ ಸುಮಾರು 52 ಕಿಲೊ ಮೀರುವಂತಿರಲಿಲ್ಲ. ಆಗಿನ ಪುಟ್ಟ ವಿಮಾನಗಳಲ್ಲಿ ಪ್ರತಿ ಕಿಲೊಗೂ ಲೆಕ್ಕವಿತ್ತು. ವಿಮಾನಗಳು ಹಿಗ್ಗಿದ ಮೇಲೂ ಕಟ್ಟಳೆ ಉಳಿಯಿತು. ಅದಕ್ಕೆ ಕೊಡುವ ಕಾರಣ ಮಾತ್ರ ಬದಲಾಗುತ್ತ ಹೋಯಿತು.

ಭಾರತದಲ್ಲಿ ಈ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಗಗನಸಖಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ (1981). ಏರ್ ಇಂಡಿಯಾದ ಗಗನಸಖಿ 35ಕ್ಕೆ ನಿವೃತ್ತಳಾಗಬೇಕಿತ್ತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಅದಕ್ಕೂ ಮೊದಲೇ. ಗರ್ಭಧಾರಣೆಯ ನಿಯಮವನ್ನು ನ್ಯಾಯಾಲಯ ಕಟುವಾಗಿ ತಳ್ಳಿಹಾಕಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು, ಅದೂ ಕುಟುಂಬ ಯೋಜನೆಗೆ ಅನುಕೂಲವೆಂಬ ಸಮರ್ಥನೆಯೊಂದಿಗೆ. ಇಂದಿನ ಓದುಗರಿಗೆ ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ತೂಕದ ಜಗಳ ತಾರಕಕ್ಕೇರಿದ್ದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ. ಮಿತಿ ಮೀರಿದವರನ್ನು ಹಾರಾಟದಿಂದ ಇಳಿಸುವ ಕ್ರಮವನ್ನು ದೆಹಲಿ ಹೈಕೋರ್ಟ್ 2008ರಲ್ಲಿ ಒಪ್ಪಿತು. ಮರುವರ್ಷ ಹತ್ತು ಮಂದಿ ಕೆಲಸ ಕಳೆದುಕೊಂಡರು. 2013ರಲ್ಲಿ ಗೋಏರ್, ಹಗುರ ದೇಹದಿಂದ ಇಂಧನ ಉಳಿಯುತ್ತದೆಂದು, ಇನ್ನು ಮುಂದೆ ಮಹಿಳೆಯರನ್ನೇ ನೇಮಿಸುವುದಾಗಿ ಹೇಳಿತು. 1930ರ ವಾದ ಹೀಗೆ ಮರಳಿ ಬಂತು. 2014ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಮಾನದಂಡ ತಂದಿತು: ಪುರುಷರಿಗೆ 25ರವರೆಗೆ ಸಾಮಾನ್ಯ, ಮಹಿಳೆಯರಿಗೆ 22ರವರೆಗಷ್ಟೇ. 160 ಸೆಂಟಿಮೀಟರ್ ಎತ್ತರದ ಪುರುಷ 64 ಕಿಲೊವರೆಗೂ ಸಾಮಾನ್ಯ. ಅಷ್ಟೇ ಎತ್ತರದ ಮಹಿಳೆ 56 ದಾಟಿದರೆ ಅಧಿಕ ತೂಕದವಳು. ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಲ್ಲಿ ಇಂಥ ಹೆಣ್ಣು–ಗಂಡಿನ ಭೇದವಿಲ್ಲ. ಸುರಕ್ಷತೆಯ ಹೆಸರಿನ ನಿಯಮದಲ್ಲಿ ಹಳೆಯ ಸೌಂದರ್ಯದ ಅಳತೆಯೇ ನುಸುಳಿದೆ ಎಂಬ ಅನುಮಾನಕ್ಕೆ ಇಷ್ಟು ಸಾಕು.

ಕರ್ನಾಟಕದಲ್ಲಿ ರೂಪವನ್ನೇ ಬ್ರ್ಯಾಂಡ್ ಮಾಡಿಕೊಂಡದ್ದು ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ (2005–2012). ಕೆಂಪು ಉಡುಪಿನ ಗಗನಸಖಿಯರೇ ಅದರ ಜಾಹೀರಾತು. ಅದೇ ಊರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳ ದೇಹತಪಾಸಣೆಯೂ ನಡೆಯುತ್ತದೆ. ಅಲ್ಲಿ ಚೆಲುವು ಯಾರಿಗೂ ಬೇಕಿಲ್ಲ.

ರಾಜ್ಯದ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಅಲ್ಲಿನ ನವಾಯತ ಮುಸ್ಲಿಂ ಸಮುದಾಯದ ಗಲ್ಫ್ ನಂಟಿನಿಂದಾಗಿ ಭಟ್ಕಳದ ಮನೆಗಳಿಗೆ ದುಬೈ ವಿಮಾನ ಹೊಸದಲ್ಲ. 2006ರಿಂದ ಮಂಗಳೂರಿನಿಂದಲೇ ನೇರ ಹಾರಾಟ ದೊರೆಯಿತು. ಈ ಕಡೆಯವರು ಗಲ್ಫ್ ಕಂಪನಿಗಳಲ್ಲಿ ಕ್ಯಾಬಿನ್ ಕೆಲಸ ಬಯಸಿದರೆ ಎದುರಾಗುವ ಅಳತೆಗಳೇ ಬೇರೆ. ಎಮಿರೇಟ್ಸ್ ಕೇಳುವುದು ಕನಿಷ್ಠ 160 ಸೆಂಟಿಮೀಟರ್ ಎತ್ತರ, ತುದಿಗಾಲಲ್ಲಿ ನಿಂತರೆ 212 ಸೆಂಟಿಮೀಟರ್ ಮುಟ್ಟುವ ಕೈ. ತುರ್ತು ಸಾಮಗ್ರಿ ಎಟುಕಬೇಕಲ್ಲ. ಸಮವಸ್ತ್ರದ ಹೊರಗೆ ಹಚ್ಚೆ ಕಾಣಬಾರದೆಂಬುದು ಮಾತ್ರ ಶುದ್ಧ ನೋಟದ ಷರತ್ತು. ಮದುವೆ, ಗರ್ಭಧಾರಣೆಗಳ ಮೇಲಿನ ನಿರ್ಬಂಧವನ್ನು ಕತಾರ್ ಏರ್‌ವೇಸ್ ಸಡಿಲಿಸಿದ್ದು 2015ರಲ್ಲಷ್ಟೇ.

ವರ್ಜಿನ್ ಅಟ್ಲಾಂಟಿಕ್ 2019ರಲ್ಲಿ ಮೇಕಪ್ ಕಡ್ಡಾಯವನ್ನು ಕೈಬಿಟ್ಟಿತು. 2022ರಲ್ಲಿ ಹಾರಾಟ ಆರಂಭಿಸಿದ ಭಾರತದ ಆಕಾಸ ಏರ್, ಸಿಬ್ಬಂದಿಗೆ ಪ್ಯಾಂಟು, ಸ್ನೀಕರ್ಸ್ ಕೊಟ್ಟಿತು. ಟಾಟಾ ಒಡೆತನಕ್ಕೆ ಮರಳಿದ ಏರ್ ಇಂಡಿಯಾದಲ್ಲಾದರೋ, ನರೆಗೂದಲಿಗೆ ಬಣ್ಣ ಹಚ್ಚುವ, ಬೊಕ್ಕತಲೆಯ ಗಂಡಸರು ಪೂರ್ತಿ ಬೋಳಿಸಿಕೊಳ್ಳುವ ಸೂಚನೆ ವರದಿಯಾಯಿತು.