ಒನಕೆ, ಗಿಡುಗ, ಗಾಣದ ಎತ್ತು



ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಕ್ಕ ಅಂಗಳದಲ್ಲಿ ಎಳೆಯುವ ಆಟವನ್ನು ತೋಟಗಳ ಕಡೆಯವರು ನೋಡದೆ ಇರಲಾರರು. ಅಕ್ಕ ಎಳೆಯುವುದನ್ನು ನಿಲ್ಲಿಸಿದರೆ ಹಾಳೆಯೂ ನಿಲ್ಲುತ್ತದೆ. ಬಯಲುಸೀಮೆಯಲ್ಲಿ ಎತ್ತು ನಿಂತರೆ ಗಾಡಿ ನಿಲ್ಲುತ್ತದೆ. ಇಷ್ಟನ್ನು ಕಂಡ ಮಗು, ಎಳೆಯುವವರೋ ತಳ್ಳುವವರೋ ಇದ್ದರೆ ಮಾತ್ರ ವಸ್ತು ಚಲಿಸುತ್ತದೆ ಎಂದು ತೀರ್ಮಾನಿಸುತ್ತದೆ. ಮುಂದೆ ಶಾಲೆಯಲ್ಲಿ ಮೇಷ್ಟ್ರು, ಹೊರಗಿನ ಬಲ ಅಡ್ಡಬರದಿದ್ದರೆ ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂದು ನ್ಯೂಟನ್ನನ ಮೊದಲನೆಯ ನಿಯಮವನ್ನು ಹೇಳಿಕೊಡುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಆದರೆ ನಂಬುವುದಿಲ್ಲ. ಇದನ್ನು ದಡ್ಡತನವೆಂದು ಬೈಯುವ ಮೊದಲು ಹಿಂದಿನವರು ಏನು ಹೇಳಿದ್ದರೆಂದು ನೋಡೋಣ.

ಕಣಾದನ ಹೆಸರಿನಲ್ಲಿರುವ ವೈಶೇಷಿಕ ಸೂತ್ರಗಳಲ್ಲಿ ಚಲನೆಯ ವಿಚಾರ ಶುರುವಾಗುವುದೇ ಭತ್ತ ಕುಟ್ಟುವ ಒನಕೆಯಿಂದ. ಆತ್ಮದ ಪ್ರಯತ್ನದಿಂದ ಕೈ ಏಳುತ್ತದೆ, ಕೈಯ ಸಂಪರ್ಕದಿಂದ ಒನಕೆ ಏಳುತ್ತದೆ, ಕೈ ಬಿಟ್ಟರೆ ತನ್ನ ಗುರುತ್ವದಿಂದ ಬೀಳುತ್ತದೆ. ಮುಂದೆ ಬಾಣದ ವಿಚಾರ ಬರುತ್ತದೆ. ಬಿಲ್ಲಿನ ಹೆದೆಯನ್ನು ಬಿಟ್ಟ ಮೇಲೆ ಬಾಣವನ್ನು ಯಾರೂ ತಳ್ಳುತ್ತಿಲ್ಲ. ಆದರೂ ಅದು ಹೋಗುತ್ತಿರುವುದೇಕೆ? ಮೊದಲ ನೂಕು ಬಾಣದೊಳಗೆ ಒಂದು ಸಂಸ್ಕಾರವನ್ನು ಹುಟ್ಟಿಸುತ್ತದೆ, ಅದು ಇರುವವರೆಗೆ ಬಾಣ ಹಾರುತ್ತದೆ, ಇಲ್ಲವಾದಾಗ ಗುರುತ್ವದಿಂದ ಬೀಳುತ್ತದೆ ಎಂದು ಅವರ ಉತ್ತರ. ಇದೇ ಪ್ರಶ್ನೆಗೆ ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಗಾಳಿಯೇ ಬಾಣವನ್ನು ತಳ್ಳುತ್ತದೆ ಎಂದಿದ್ದ. 14ನೆಯ ಶತಮಾನದಲ್ಲಿ ಪ್ಯಾರಿಸಿನ ಬುರಿದಾನ್ ಅದನ್ನು ಒಪ್ಪದೆ, ಎಸೆದವನು ವಸ್ತುವಿನೊಳಗೆ ಒಂದು ಒತ್ತನ್ನು ಇಟ್ಟುಬಿಡುತ್ತಾನೆ ಎಂದು ಹೇಳಿದ. ವೈಶೇಷಿಕರ ಸಂಸ್ಕಾರಕ್ಕೆ ಇದು ಬಹಳ ಹತ್ತಿರ. ಚೆಂಡು ಎಸೆದ ಮೇಲೂ 'ಕೈಯ ಬಲ' ಚೆಂಡಿನಲ್ಲಿ ಇದೆ ಎನ್ನುವ ನಮ್ಮ ಐದನೆಯ ತರಗತಿಯ ಹುಡುಗನಿಗೂ ಇದು ಹತ್ತಿರ.

ಇನ್ನು ದೋಣಿಯ ಮಾತು. ಕ್ರಿ.ಶ. 499ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಆರ್ಯಭಟ ಭೂಮಿಯೇ ತನ್ನ ಸುತ್ತ ತಿರುಗುತ್ತದೆ ಎಂದ. ಅದಕ್ಕೆ ಕೊಟ್ಟ ದೃಷ್ಟಾಂತ ಹೊಳೆ ದಾಟುವ ಪ್ರತಿಯೊಬ್ಬರಿಗೂ ತಿಳಿಯುವಂಥದು. ದೋಣಿಯಲ್ಲಿ ಮುಂದಕ್ಕೆ ಹೋಗುವವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ; ಹಾಗೆಯೇ ಸ್ಥಿರವಾದ ನಕ್ಷತ್ರಗಳು ಪಡುವಣಕ್ಕೆ ಸರಿಯುವಂತೆ ನಮಗೆ ಕಾಣುತ್ತವೆ. ಆದರೆ ಉಜ್ಜಯಿನಿಯ ವರಾಹಮಿಹಿರ 6ನೆಯ ಶತಮಾನದಲ್ಲಿ ಒಂದು ಕೊಕ್ಕೆ ಹಾಕಿದ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗ ತನ್ನ ಗೂಡಿಗೆ ಹಿಂದಿರುಗುವುದು ಹೇಗೆ? ಅಷ್ಟರಲ್ಲಿ ಗೂಡು ಮುಂದೆ ಹೋಗಿರಬೇಕಲ್ಲ! 628ರಲ್ಲಿ ಬ್ರಹ್ಮಗುಪ್ತನೂ, ಹಾಗಾದರೆ ಎತ್ತರದ ವಸ್ತುಗಳು ಏಕೆ ಉರುಳುವುದಿಲ್ಲ ಎಂದು ಕೇಳಿದ. ಇಬ್ಬರೂ ಘನ ಪಂಡಿತರು. ಅವರ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ, ಏಕೆಂದರೆ ಚಲಿಸುವುದರೊಳಗೆ ಇದ್ದ ವಸ್ತು ಅದರಿಂದ ಬೇರ್ಪಟ್ಟ ಮೇಲೂ ಆ ಚಲನೆಯನ್ನು ಉಳಿಸಿಕೊಳ್ಳುತ್ತದೆ ಎಂಬ ಅರಿವು ಇಲ್ಲದೆ ಗಿಡುಗದ ಪ್ರಶ್ನೆಗೆ ಉತ್ತರವಿಲ್ಲ.

ಆ ಉತ್ತರ ಇಟಲಿಯ ಗೆಲಿಲಿಯೊ 1632ರಲ್ಲಿ ಅಚ್ಚು ಮಾಡಿಸಿದ ಸಂವಾದ ಗ್ರಂಥದಲ್ಲಿ ಸಿಕ್ಕಿತು. ಸಮನಾಗಿ ಸಾಗುವ ಹಡಗಿನ ಒಳಕೋಣೆಯಲ್ಲಿ ಚಿಟ್ಟೆಗಳು ಎಲ್ಲ ಕಡೆಗೂ ಒಂದೇ ರೀತಿ ಹಾರುತ್ತವೆ, ತೂಗುಹಾಕಿದ ಪಾತ್ರೆಯಿಂದ ತೊಟ್ಟಿಕ್ಕುವ ನೀರು ನೇರ ಕೆಳಗಿನ ಪಾತ್ರೆಗೇ ಬೀಳುತ್ತದೆ ಎಂದು ಅವನು ವಿವರಿಸಿದ. 1640ರಲ್ಲಿ ಫ್ರಾನ್ಸಿನ ಗಸೆಂಡಿ, ಸಾಗುತ್ತಿದ್ದ ಹಡಗಿನ ಕೂವೆಕಂಬದ ಮೇಲಿಂದ ಗುಂಡನ್ನು ಬೀಳಿಸಿಯೇ ನೋಡಿದ. ಅದು ಕಂಬದ ಬುಡಕ್ಕೆ ಬಿತ್ತು. 1687ರಲ್ಲಿ ನ್ಯೂಟನ್ ಇದನ್ನು ನಿಯಮವಾಗಿ ಬರೆದ. ಅಂದರೆ, ಚಲಿಸುತ್ತಿರಲು ಬಲ ಬೇಡ. ಚಲನೆ ಬದಲಾಗಲು ಬಲ ಬೇಕು. ಅಂಗಳದ ಹಾಳೆ ನಿಂತದ್ದು ಅಕ್ಕನ ಬಲ ಮುಗಿದುದರಿಂದಲ್ಲ, ನೆಲದ ಘರ್ಷಣೆ ಅದನ್ನು ಹಿಡಿದು ನಿಲ್ಲಿಸಿತು. ಕೇರಂ ಹಲಗೆಯ ಮೇಲೆ ಪೌಡರ್ ಉದುರಿಸಿ, ಉದುರಿಸದೆ, ಎರಡೂ ಬಗೆಯಲ್ಲಿ ಆಡಿಸಿದರೆ ಮಕ್ಕಳಿಗೆ ಇದು ಕಣ್ಣಿಗೇ ಕಾಣುತ್ತದೆ.

ವಯಸ್ಸಿನ ಜೊತೆ ಹಳೆಯ ನಂಬಿಕೆ ತಾನಾಗಿ ಹೋಗುತ್ತದೆಯೇ? ಹೋಗುವುದಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಮೈಕಲ್ ಮೆಕ್‌ಕ್ಲಾಸ್ಕಿ, ನಡೆಯುತ್ತಿರುವವನ ಕೈಯಿಂದ ಬಿಟ್ಟ ಚೆಂಡು ಎಲ್ಲಿ ಬೀಳುತ್ತದೆ ಎಂದು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಬಿಟ್ಟ ಜಾಗದಿಂದ ನೇರ ಕೆಳಕ್ಕೆ ಎಂದವರು ಬಹಳ ಮಂದಿ. ನೀವು ಮನೆಯಲ್ಲಿಯೇ ನೋಡಬಹುದು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಮಗು ಕೈಯಲ್ಲಿ ಹುಣಿಸೆಬೀಜ ಹಿಡಿದು ನಡೆಯುತ್ತ, ಗೆರೆಯ ಮೇಲೆ ಕೈ ಬಂದ ಕೂಡಲೇ ಬೀಜವನ್ನು ಬಿಡಲಿ. ನಾಲ್ಕಡಿ ಎತ್ತರದಿಂದ ಬೀಳಲು ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಬೀಜ ಮಗುವಿನ ಜೊತೆಗೇ ಮುಂದೆ ಸರಿದು, ಗೆರೆಯಿಂದ ಒಂದೂವರೆ ಅಡಿಗೂ ಆಚೆ ಬೀಳುತ್ತದೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕು ಇದೆ, ಅದು ಮಾತಿನದು. ಕರ್ನಾಟಕದ ಪಾಠಪುಸ್ತಕದಲ್ಲಿ ದಿಕ್ಕಿನ ಲೆಕ್ಕವಿಲ್ಲದ ಓಟಕ್ಕೆ 'ಜವ', ದಿಕ್ಕೂ ಸೇರಿದ್ದಕ್ಕೆ 'ವೇಗ'. ಮಲಯಾಳದಲ್ಲಿ ಮೊದಲನೆಯದೇ 'ವೇಗಂ', ಎರಡನೆಯದು 'ಪ್ರವೇಗಂ'. ತಮಿಳಿನಲ್ಲಿ 'ವೇಗಂ' ಮತ್ತು 'ತಿಸೈವೇಗಂ'. ತೆಲುಗಿನಲ್ಲಿ 'ವಡಿ' ಮತ್ತು 'ವೇಗಂ', ಮರಾಠಿಯಲ್ಲಿ 'ಚಾಲ' ಮತ್ತು 'ವೇಗ'. ಹೀಗಾಗಿ ಅಕ್ಕಲಕೋಟೆ, ರಾಯದುರ್ಗದ ಮಗುವಿಗೆ ಸರಿಹೊಂದುವ ಮಾತು ಕಾಸರಗೋಡು, ತಾಳವಾಡಿಯ ಮಗುವಿಗೆ ತಿರುಗುಮುರುಗಾಗುತ್ತದೆ. ಮಗು ತಪ್ಪು ಬರೆದಾಗ ಅದಕ್ಕೆ ವಿಜ್ಞಾನ ಬಾರದೆಂದು ಅಂಕ ಕಳೆಯುವವರು, ಅದು ಯಾವ ಭಾಷೆಯಲ್ಲಿ ಯೋಚಿಸಿತೆಂದು ಒಮ್ಮೆ ಕೇಳಬೇಕು. 'ಜವ' ಎಂದರೆ ಹಳೆಯ ಮಾತಿನಲ್ಲಿ ಯಮನೂ ಹೌದು. ಮಕ್ಕಳು ನಕ್ಕರೆ ನಗಲಿ, ನೆನಪಿನಲ್ಲಿ ಉಳಿಯುತ್ತದೆ.

ಎರಡು ಭಾಷೆ ಬಲ್ಲದ್ದರಿಂದ ಲಾಭವೂ ಉಂಟು. ಕನ್ನಡದ 'ಬಲ' ಎಂದರೆ ಪೈಲ್ವಾನನ ತೋಳಿನಲ್ಲಿ ಇರುವುದು. ಅದಕ್ಕೇ ಚೆಂಡಿನೊಳಗೆ ಬಲ ಕೂತಿದೆ ಎಂಬ ಭ್ರಮೆ. ತಮಿಳಿನ 'ವಿಸೈ' ಕೇಳಿದ ಮಗುವಿಗೆ ಪೈಲ್ವಾನ ನೆನಪಾಗಲಿಕ್ಕಿಲ್ಲ. 'ಘರ್ಷಣೆ' ಕಷ್ಟವಾದರೆ ತಮಿಳಿನ 'ಉರಾಯ್ವು' ಹೇಳಿ, ಪಕ್ಕದಲ್ಲಿ ನಮ್ಮ 'ಒರೆಸು' ಇಡಿ. ಹೊಸೂರಿನ ಹುಡುಗಿಗೆ ಬೇರೆ ವಿವರಣೆಯೇ ಬೇಡ.

ಜವ, ವೇಗಗಳ ವ್ಯತ್ಯಾಸಕ್ಕೆ ಗಾಣದ ಎತ್ತನ್ನು ನೆನೆಯಿರಿ. ಅದು ಒಂದೇ ಹದದಲ್ಲಿ ಹೆಜ್ಜೆ ಹಾಕುತ್ತದೆ, ಜವ ಬದಲಾಗುವುದಿಲ್ಲ. ಆದರೆ ಹೆಜ್ಜೆ ಹೆಜ್ಜೆಗೂ ಮುಖ ಬೇರೆ ದಿಕ್ಕಿಗೆ ತಿರುಗುತ್ತದೆ, ಆದ್ದರಿಂದ ವೇಗ ಬದಲಾಗುತ್ತಲೇ ಇರುತ್ತದೆ. ಗಾಣ ಕಾಣದ ಮಕ್ಕಳು ಈಗ ಹೆಚ್ಚು. ಅವರಿಗೆ ಬಸ್ಸು ಇದೆ. ಮುಂದಿನ ಸಲ ಬಸ್ಸಿನಲ್ಲಿ ಹೋಗುವಾಗ, ಒಳಗೆ ಹಾರುವ ನೊಣ ಹಿಂದಿನ ಗಾಜಿಗೆ ಹೋಗಿ ಅಪ್ಪಳಿಸುವುದಿಲ್ಲವೇಕೆ ಎಂದು ಮಗುವನ್ನು ಕೇಳಿ. ವರಾಹಮಿಹಿರನ ಗಿಡುಗದ ಕಥೆಯನ್ನು ಆಮೇಲೆ ಹೇಳಿ.