ಹತ್ತೊಂಬತ್ತನೆಯ ಶತಮಾನದ ಚದುರಂಗದ ಆಟಗಳು: ಆಕರ ಮತ್ತು ಪಾಠಾಂತರ

ಗ್ರಂಥಸಂಪಾದನಶಾಸ್ತ್ರದ ನಿಯಮಗಳು ತಾಳೆಗರಿಗಳಿಗೆ ಮಾತ್ರ ಸೀಮಿತವಾದುವಲ್ಲ. ಮೂಲವೊಂದು, ಅದರ ಪ್ರತಿಗಳು, ಪ್ರತಿಗಳಿಂದ ಹುಟ್ಟಿದ ಪಾಠಾಂತರಗಳು ಎಂಬ ಪರಂಪರೆ ಇರುವಲ್ಲೆಲ್ಲ ಅವು ಅನ್ವಯಿಸತಕ್ಕವು. ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದು ಇಂದಿಗೂ ಪ್ರಸಿದ್ಧವಾಗಿರುವ ಚದುರಂಗದ ಆಟಗಳು ಇದಕ್ಕೆ ಒಳ್ಳೆಯ ನಿದರ್ಶನ. ಇಲ್ಲಿ ಪರಿಶೀಲನೆಗೆ ಒಂದು ಅನುಕೂಲವೂ ಉಂಟು. ಚದುರಂಗದ ಪ್ರತಿಯೊಂದು ನಡೆಯೂ ನಿಯಮಬದ್ಧವಾದುದರಿಂದ ಅಸಾಧ್ಯವಾದ ಪಾಠ ತಾನಾಗಿಯೇ ಹೊರಬೀಳುತ್ತದೆ. ಛಂದಸ್ಸು ಕೆಟ್ಟ ಪದ್ಯ ಲಿಪಿಕಾರನ ಸ್ಖಾಲಿತ್ಯವನ್ನು ತೋರಿಸಿಕೊಡುವಂತೆಯೇ ಇದು. ಆದರೆ ಛಂದಸ್ಸಿಗೆ ಒಪ್ಪಿದ ಪಾಠವೆಲ್ಲ ಕವಿಯ ಪಾಠವಲ್ಲ. ನಿಯಮಕ್ಕೆ ಒಪ್ಪಿದ ನಡೆಯೆಲ್ಲ ಆಡಿದ ನಡೆಯಲ್ಲ.

ಅಂದಿನ ವಿರಾಮದ ಆಟಗಳನ್ನು ಆಡುತ್ತಲೇ ಬರೆದಿಡುವ ಕಟ್ಟಳೆ ಇರಲಿಲ್ಲ. ಆಟಗಾರನ ನೆನಪು, ನೋಡಿದವರ ಟಿಪ್ಪಣಿ, ಪತ್ರಿಕೆಗೆ ಬರೆದ ಓಲೆ ಇವೇ ಆಕರಗಳು. ಜೊತೆಗೆ, ಇಂಗ್ಲಿಷ್ ಪತ್ರಿಕೆಗಳ ಬರಹಪದ್ಧತಿಯಲ್ಲಿ ಪ್ರತಿಯೊಬ್ಬ ಆಟಗಾರನೂ ಮನೆಗಳನ್ನು ತನ್ನ ಕಡೆಯಿಂದ ಎಣಿಸುತ್ತಿದ್ದುದರಿಂದ ಒಂದೊಂದು ಮನೆಗೂ ಎರಡೆರಡು ಹೆಸರುಗಳಿದ್ದವು. ಸಾಮ್ಯವುಳ್ಳ ಅಕ್ಷರಗಳು ಲಿಪಿಕಾರನನ್ನು ದಾರಿತಪ್ಪಿಸುವಂತೆ ಈ ಪದ್ಧತಿಯೂ ಅಚ್ಚುಮೊಳೆ ಜೋಡಿಸುವವನನ್ನು ದಾರಿತಪ್ಪಿಸಬಲ್ಲುದಾಗಿತ್ತು.

ಮೊದಲ ನಿದರ್ಶನವಾಗಿ 1851ರ ಜೂನ್ 21ರಂದು ಲಂಡನ್ನಿನಲ್ಲಿ ಅಡಾಲ್ಫ್ ಆಂಡರ್ಸೆನ್ ಮತ್ತು ಲಿಯೊನೆಲ್ ಕೀಸೆರಿಟ್ಸ್ಕಿ ಆಡಿದ ಆಟವನ್ನು ನೋಡಬಹುದು. ಆಂಡರ್ಸೆನ್ ಎರಡು ಆನೆಗಳನ್ನೂ ಒಂದು ಒಂಟೆಯನ್ನೂ ಕೊನೆಗೆ ಮಂತ್ರಿಯನ್ನೂ ಬಲಿಕೊಟ್ಟು, ಉಳಿದ ಒಂಟೆ ಮತ್ತು ಎರಡು ಕುದುರೆಗಳಿಂದ ಎದುರಾಳಿಯ ರಾಜನನ್ನು ಕಟ್ಟಿಹಾಕಿದನೆಂಬುದು ಪ್ರಸಿದ್ಧ ಪಾಠ. ಇದು ಆ ವರ್ಷದ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಸೇರಿದ್ದಲ್ಲ, ವಿರಾಮದಲ್ಲಿ ಆಡಿದ್ದು. ಇದನ್ನು ಅದೇ ಜುಲೈ ತಿಂಗಳ ‘ಲಾ ರೆಜಾನ್ಸ್’ ಎಂಬ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಪ್ರಕಟಿಸಿದವನು ಸ್ವತಃ ಸೋತ ಕೀಸೆರಿಟ್ಸ್ಕಿ; ಆ ಪತ್ರಿಕೆಯ ಸಂಪಾದಕನೂ ಅವನೇ. ತನ್ನ ಪಕ್ಷಕ್ಕೆ ಹಾನಿಯಾಗುವ ಮಾತನ್ನು ತಾನೇ ಹೇಳುವವನ ಸಾಕ್ಷ್ಯಕ್ಕೆ ತೂಕ ಹೆಚ್ಚು. ‘ಅಮರ ಆಟ’ವೆಂಬ ಹೆಸರಾದರೋ ಆಡಿದವರು ಇಟ್ಟುದಲ್ಲ. 1855ರಲ್ಲಿ ಅರ್ನ್‌ಸ್ಟ್ ಫಾಲ್ಕ್‌ಬೀರ್ ಇಟ್ಟುದು. ಗ್ರಂಥನಾಮ ಎಷ್ಟೋ ವೇಳೆ ಕರ್ತೃವಿನದಾಗಿರದೆ ಟೀಕಾಕಾರನದಾಗಿರುವಂತೆಯೇ ಇದೂ.

ಈ ಆಟದ ಪಾಠವೂ ಏಕರೂಪವಾಗಿಲ್ಲ. 18ನೆಯ ನಡೆಯಲ್ಲಿ ಕಪ್ಪು ಪಕ್ಷವು ಮೊದಲು ಒಂಟೆಯಿಂದ ಒಂದು ಆನೆಯನ್ನು ತೆಗೆದುಕೊಂಡಿತೆಂದು ಒಂದು ಪಾಠ. ಮೊದಲು ಮಂತ್ರಿಯಿಂದ ಇನ್ನೊಂದು ಆನೆಯನ್ನು ತೆಗೆದುಕೊಂಡಿತೆಂದು ಮತ್ತೊಂದು ಪಾಠ. ಎರಡು ನಡೆಗಳು ಕಳೆದ ಮೇಲೆ ಎರಡೂ ಒಂದೇ ಸ್ಥಿತಿಗೆ ಬಂದು ಸೇರುತ್ತವೆ. ಆದುದರಿಂದ ಕೊನೆಯ ಸ್ಥಿತಿಯನ್ನು ಮಾತ್ರ ನೆನಪಿಟ್ಟು ಹಿಂದಿನದನ್ನು ಊಹಿಸಿ ಬರೆದವರಿಗೆ ಕ್ರಮಭಂಗ ಕಾಣಿಸದು. ಕೆಲವು ಮುದ್ರಣಗಳಲ್ಲಿ ಆಟ 20ನೆಯ ನಡೆಗೇ ನಿಂತು ಕಪ್ಪು ಪಕ್ಷ ಸೋಲೊಪ್ಪಿದೆ. ಕೆಲವುಗಳಲ್ಲಿ 23ನೆಯ ನಡೆಯವರೆಗೂ ಸಾಗಿ ರಾಜಬಂಧನವಾಗಿದೆ. ಅಂದಮೇಲೆ ಜನಪ್ರಿಯವಾದ ಮಂತ್ರಿಯ ಬಲಿ ಹಲಗೆಯ ಮೇಲೆ ನಡೆದುದೋ, ವಿವರಣೆಯೊಳಗೆ ತೋರಿಸಿದ ಮುಂದಿನ ದಾರಿಯೋ ಎಂಬ ಪ್ರಶ್ನೆ ಏಳುತ್ತದೆ. ವ್ಯಾಖ್ಯಾನದ ಮಾತು ಮೂಲದೊಳಗೆ ನುಸುಳುವುದು ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸತಲ್ಲ.

ಎರಡನೆಯ ನಿದರ್ಶನ ನಮ್ಮ ದೇಶದ್ದು, ಹೆಚ್ಚು ಗಂಭೀರವಾದುದು. ಸ್ಕಾಟ್ಲೆಂಡಿನ ನ್ಯಾಯವಾದಿ ಜಾನ್ ಕಾಕ್ರೇನ್ ಕಲ್ಕತ್ತೆಯಲ್ಲಿದ್ದಾಗ ಮಹೇಶಚಂದ್ರ ಬಂದ್ಯೋಪಾಧ್ಯಾಯನೆಂಬ ಬಂಗಾಳಿ ಬ್ರಾಹ್ಮಣನೊಡನೆ ವರ್ಷಗಟ್ಟಲೆ ಆಡಿದನು. ಈತನ ವಿಷಯ ಮೊದಲು ತಿಳಿದುಬರುವುದು 1850ರಲ್ಲಿ ಲಂಡನ್ನಿನ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ ಅಚ್ಚುಮಾಡಿದ, ಕಲ್ಕತ್ತ ಕ್ಲಬ್ಬಿನ ಸದಸ್ಯನೊಬ್ಬನ ಓಲೆಯಿಂದ. ಹಳ್ಳಿಯಲ್ಲಿ ಸೋಲನ್ನೇ ಕಾಣದ ಆಟಗಾರನನ್ನು ಕ್ಲಬ್ಬಿನವರು ಹುಡುಕಿ ತಂದರೆಂದು ಅದರ ಸಾರಾಂಶ. ಭಾರತೀಯ ಪದ್ಧತಿಯಲ್ಲಿ ಪದಾತಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಹಕ್ಕು ಸಾಮಾನ್ಯವಾಗಿ ಇರಲಿಲ್ಲ. ಒಂಟೆಯನ್ನು ಅಂಚಿನ ಕರ್ಣದಲ್ಲಿರಿಸಿ ಎದುರಾಳಿಗೆ ನಡುಮನೆಗಳನ್ನು ಬಿಟ್ಟುಕೊಡುವ ಮಹೇಶಚಂದ್ರನ ಕ್ರಮಕ್ಕೆ ಆ ಅಭ್ಯಾಸವೇ ಕಾರಣವಾಗಿರಬೇಕೆಂದು ತೋರುತ್ತದೆ. 1855ರಲ್ಲಿ ಆತ ಕಾಕ್ರೇನನೆದುರು ಕಪ್ಪು ಕಾಯಿಗಳಿಂದ ಆಡಿ ಗೆದ್ದ ಆಟದ ಆರಂಭಕ್ರಮ ಇಪ್ಪತ್ತನೆಯ ಶತಮಾನದಲ್ಲಿ ಗ್ರುನ್‌ಫೆಲ್ಡ್ ಎಂಬ ಯೂರೋಪಿನ ಆಟಗಾರನ ಹೆಸರನ್ನು ಹೊತ್ತುಕೊಂಡಿತು. 1884ರಲ್ಲಿ ಬಳಕೆಗೆ ಬಂದ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರಿಗೆ ಮಹೇಶಚಂದ್ರನ ಆಟಗಳೇ ಆಧಾರ. ಆದರೆ ಆ ಹೆಸರಿನಲ್ಲಿ ಉಳಿದುದು ದೇಶ, ವ್ಯಕ್ತಿಯಲ್ಲ.

ಆತನ ಹೆಸರಿನ ಪಾಠವೂ ಸ್ಥಿರವಾಗಿಲ್ಲ. ಮೊಹೆಸ್‌ಚಂದರ್, ಮಹೇಸ್ಕಂದ್ರ, ಬ್ಯಾನರ್ಜಿ, ಬಾನರ್ಜಿ, ಇಷ್ಟೂ ಸಾಲದೆಂಬಂತೆ ಬರಿಯ ‘ಬ್ರಾಹ್ಮಣ’ ಎಂಬ ರೂಪಗಳು ಮುದ್ರಣಗಳಲ್ಲಿವೆ. ರೂಪಭೇದವನ್ನು ಗಮನಿಸದ ಸೂಚಿಕಾರನು ಒಬ್ಬನನ್ನೇ ಇಬ್ಬರನ್ನಾಗಿ ಎಣಿಸುವ ಅಪಾಯ ಇಲ್ಲಿದೆ. ಒಂದೇ ಹೆಸರಿನ ಅನೇಕ ಆಚಾರ್ಯರನ್ನು ಬೇರ್ಪಡಿಸಲು ಪಟ್ಟಾವಳಿಗಳೊಡನೆ ಸೆಣಸಿದವರಿಗೆ ಈ ತೊಡಕಿನ ಇನ್ನೊಂದು ಮುಖ ಪರಿಚಿತವೇ.

ಈ ಆಟಗಳು ನಮಗೆ ದೊರೆತಿರುವುದು ಕಾಕ್ರೇನನ ಪಕ್ಷದಿಂದ, ಆಂಗ್ಲ ಮುದ್ರಣಗಳ ಮೂಲಕ. ವಾದಿಯ ಗ್ರಂಥ ನಷ್ಟವಾಗಿ, ಪ್ರತಿವಾದಿಯ ಗ್ರಂಥದಲ್ಲಿ ಪೂರ್ವಪಕ್ಷವಾಗಿ ಮಾತ್ರ ಅವನ ಮತ ಉಳಿದಿರುವ ಪ್ರಸಂಗಗಳು ನಮ್ಮ ನ್ಯಾಯಗ್ರಂಥಗಳಲ್ಲಿ ಹಲವು. ಅಂಥ ಕಡೆ ಪ್ರತಿವಾದಿಯನ್ನು ಅನುಮಾನಿಸಿದರೆ ಸಾಲದು. ಅವನು ಉಳಿಸಿಕೊಟ್ಟುದಕ್ಕೆ ಕೃತಜ್ಞತೆಯೂ ಇರಬೇಕು. ತಾನು ಸೋತ ಆಟಗಳೂ ಅಚ್ಚಾಗಿ ಉಳಿದಿರುವುದು ಕಾಕ್ರೇನನ ಗೌರವಕ್ಕೆ ಸಲ್ಲತಕ್ಕದ್ದು. ಅದೇ ಕಾಲದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯ ಬಂಧಗಳನ್ನು ರಚಿಸಿದರು. ಅವರ ಆಶ್ರಯದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಆಟಗಳಿಗೇ ಮೀಸಲು. ಅರಮನೆಯ ಆಶ್ರಯವಿದ್ದುದರಿಂದ ಅಲ್ಲಿನ ರಚನೆಗಳು ಕರ್ತೃನಾಮದೊಡನೆ ಉಳಿದುವು. ಮಹೇಶಚಂದ್ರನಿಗೆ ಅಂಥ ಆಶ್ರಯವಿರಲಿಲ್ಲ.

ಮೂಡಬಿದಿರೆಯ ಧವಲ ಗ್ರಂಥವು ಪ್ರತಿಗಳ ಪ್ರತಿಗಳ ಆಧಾರದಿಂದ 1939ರಲ್ಲಿ ಅಚ್ಚಾಗತೊಡಗಿತು. ಮೂಲ ತಾಳೆಗರಿಗಳೊಡನೆ ತಾಳೆನೋಡುವ ಅವಕಾಶ ಅನಂತರ ದೊರೆಯಿತು. ಆ ತಿದ್ದುಪಡಿಗಳ ಬೆಲೆ ಬಲ್ಲವರಿಗೆ ಇಲ್ಲಿನ ಕರ್ತವ್ಯವನ್ನು ವಿವರಿಸಬೇಕಾಗಿಲ್ಲ. ಇತ್ತೀಚಿನ ಸಂಗ್ರಹಗಳನ್ನು ಬದಿಗಿಟ್ಟು ಮೊದಲ ಮುದ್ರಣಕ್ಕೆ ಹೋಗಬೇಕು. ಅದನ್ನು ಕಳುಹಿಸಿದವರು ಯಾರು, ಆಟವಾಗಿ ಎಷ್ಟು ಕಾಲವಾಗಿತ್ತೆಂದು ಕೇಳಬೇಕು. ಸುಂದರವಾದ ಪಾಠವನ್ನು ಅದು ಸುಂದರವೆಂಬ ಕಾರಣಕ್ಕೇ ಎರಡು ಬಾರಿ ಪರೀಕ್ಷಿಸಬೇಕು. ಆಕರಶೋಧದಿಂದ ದೊರೆಯುವುದು ನಡೆಗಳ ಶುದ್ಧಿಯಷ್ಟೇ ಅಲ್ಲ. ಹೆಸರು ಕಳೆದುಕೊಂಡವನಿಗೆ ಅವನ ಹೆಸರು ಮರಳಿ ಸಲ್ಲುವುದೂ ಅದರ ಫಲವೇ ಆಗಿದೆ.